ಡಾಕ್ಟರ್ ಆರ್ಬತ್ನಾಟರು

ಸ್ಕಾಟ್ಲಂಡದಲ್ಲಿ 1667ರಲ್ಲಿ ಜನಿಸಿದ ಜಾನ್ ಆರ್ಬತ್ನಾಟರು ಲಂಡನ್ನಿನಲ್ಲಿ ಗಣಿತ ಕಲಿಸಿ, ಬಳಿಕ ಆನ್ ರಾಣಿಯ ರಾಜವೈದ್ಯರಾದರು. 1710ರಲ್ಲಿ ಅವರು ಆ ನಗರದ 82 ವರ್ಷಗಳ ನಾಮಕರಣ ದಫ್ತರಗಳನ್ನು ಪರಿಶೀಲಿಸಲಾಗಿ, ಪ್ರತಿವರ್ಷವೂ ಗಂಡುಮಕ್ಕಳೇ ಹೆಚ್ಚಾಗಿದ್ದರು. ಗಂಡು ಹೆಣ್ಣು ಸಮಸಮವೆಂದು ಊಹಿಸಿದರೆ, ಇದು ನಾಣ್ಯವು 82 ಸಲವೂ ಒಂದೇ ಮಗ್ಗುಲಾಗಿ ಬಿದ್ದಂತೆ. ಆದುದರಿಂದ ಆ ಊಹೆಯೇ ಸಲ್ಲದೆಂದು ನಿರ್ಣಯಿಸಿ, ಇದು ದೈವಸಂಕಲ್ಪವೆಂದು ಬಗೆದರು. ಊಹೆಯನ್ನು ಅಂಕಿಗಳ ಒರೆಗೆ ಹಚ್ಚುವ ಶಾಸ್ತ್ರಕ್ಕೆ ಇದೇ ನಾಂದಿಯಾಯಿತು. 1735ರಲ್ಲಿ ಅವರು ಕಾಲವಾದರು.

ಚಿಕ್ಕೋಡಿ, ಅಥಣಿ, ರಾಯಬಾಗಗಳ ಜನನ ದಫ್ತರಗಳನ್ನು ನೋಡುವ ಅಧಿಕಾರಿಗಳಿಗೂ ಈ ಒರೆಗಲ್ಲೇ ಬೇಕು. 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುವುದು ಪ್ರಕೃತಿನಿಯಮ. ಒಂದು ಹಳ್ಳಿಯ ಹತ್ತು ಹೆರಿಗೆಗಳಲ್ಲಿ ಏರುಪೇರಾದರೆ ಅದು ಆಕಸ್ಮಿಕ. ತಾಲೂಕಿನ ಸಾವಿರಾರು ಜನನಗಳಲ್ಲಿ ಆ ಪ್ರಮಾಣವು ಬಹಳ ಮೀರಿದರೆ, ಅದನ್ನು ದೈವದ ತಲೆಗೆ ಕಟ್ಟದೆ, ಮನುಷ್ಯರ ಕೈವಾಡವೇನೆಂದು ವಿಚಾರಿಸತಕ್ಕದ್ದು.