ಅಂಗೈಯಲ್ಲಿ ಕಂಡ ಸೃಷ್ಟಿ

ಕ್ರೈಸ್ತ ಪ್ರಾರ್ಥನೆಯಲ್ಲಿ ಜಪಮಾಲೆ, ಮೇಣದಬತ್ತಿಗಳ ಸ್ಥಾನ ಎಲ್ಲರಿಗೂ ಪರಿಚಿತ. ಪುಟ್ಟ ಕಾಯಿಯೊಂದು ಆ ಸಾಲಿಗೆ ಸೇರಿದ್ದು ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಅವರಿಂದ.

1342ರ ಸುಮಾರಿಗೆ ಜನಿಸಿದ ಆಕೆ ಇನ್ನೂ ಬಾಲೆಯಾಗಿದ್ದಾಗಲೇ, 1349ರಲ್ಲಿ, ಪ್ಲೇಗ್ ಆ ನಗರವನ್ನು ಹೊಕ್ಕಿತು. 1361 ಮತ್ತು 1369ರಲ್ಲಿ ಇಂಗ್ಲೆಂಡಿಗೆ ಮರಳಿತು. ಅರ್ಥಶಾಸ್ತ್ರದ ತರಗತಿಯಲ್ಲಿ ನಾನು ಆ ಮಹಾಮಾರಿಯನ್ನು ಓದಿದ್ದು ಕೂಲಿ ದರ ಏರಿದ, 1351ರ ಶಾಸನವು ಅದಕ್ಕೆ ಕಡಿವಾಣ ಹಾಕಲೆತ್ನಿಸಿದ ಅಧ್ಯಾಯವಾಗಿ. ಸತ್ತವರೆಲ್ಲ ಅಲ್ಲಿ ಬರಿಯ ಅಂಕಿಗಳು. ಜೂಲಿಯನ್ ಬೆಳೆದದ್ದು ಆ ಅಂಕಿಗಳ ನಡುವೆ.

1373ರ ಮೇ ತಿಂಗಳಲ್ಲಿ, ತಮ್ಮ ಮೂವತ್ತರ ವಯಸ್ಸಿನಲ್ಲಿ, ಆಕೆಯೇ ಮರಣಶಯ್ಯೆ ಹಿಡಿದರು. ಅಂತ್ಯಕಾಲಕ್ಕೆಂದು ಬಂದ ಪಾದ್ರಿ ಕಣ್ಣೆದುರು ಶಿಲುಬೆಯೊಂದನ್ನು ಹಿಡಿದರು. ಮಂಕಾಗುತ್ತಿದ್ದ ದೃಷ್ಟಿಯನ್ನು ಅದರಲ್ಲೇ ನೆಟ್ಟ ಆಕೆಗೆ 16 ದರ್ಶನಗಳಾದವು. ಮೊದಲನೆಯದರಲ್ಲಿ ಅಂಗೈ ಮೇಲೆ ಹೇಜಲ್ ಕಾಯಿಯಷ್ಟೇ ಗಾತ್ರದ ದುಂಡು ವಸ್ತುವೊಂದು ಕಂಡಿತು. ಸಮಸ್ತ ಸೃಷ್ಟಿಯೂ ಇಷ್ಟೇ ಎಂಬ ಅರಿವು ಮೂಡಿತು. ಇಷ್ಟು ಅಲ್ಪವಾದುದು ಹೇಗೆ ಉಳಿದೀತು ಎಂದು ಬೆರಗಾದರೆ, ದೇವರ ಪ್ರೀತಿಯಿಂದ ಎಂಬ ಉತ್ತರ ಒಳಗೇ ಹೊಳೆಯಿತು. ಸಾವನ್ನು ಅಷ್ಟು ಹತ್ತಿರದಿಂದ ಕಂಡವರ ಮಾತಾದ್ದರಿಂದ ಇದನ್ನು ಹುಸಿ ಸಾಂತ್ವನವೆಂದು ತಳ್ಳಿಹಾಕಲಾರೆ.

ಚೇತರಿಸಿಕೊಂಡ ಜೂಲಿಯನ್, ಮುಂದೆ ಚರ್ಚಿನ ಗೋಡೆಗೆ ಹೊಂದಿಕೊಂಡ ಕೋಣೆಯಲ್ಲಿ ಏಕಾಂತವಾಸಿಯಾದರು. ಸುಮಾರು 20 ವರ್ಷ ಆ ದರ್ಶನಗಳನ್ನೇ ಮಥಿಸಿ ಗ್ರಂಥವನ್ನು ವಿಸ್ತರಿಸಿದರು. ಮಹಿಳೆಯೊಬ್ಬರು ಬರೆದರೆಂದು ತಿಳಿದಿರುವ, ಉಳಿದುಬಂದ ಇಂಗ್ಲಿಷ್ ಕೃತಿಗಳಲ್ಲಿ ಅದೇ ಅತ್ಯಂತ ಹಳೆಯದು. ಇಷ್ಟರ ನಡುವೆ 1381ರ ರೈತದಂಗೆಯೂ ಆಯಿತು. ಅದನ್ನು ಆ ಭಾಗದಲ್ಲಿ ಬಗ್ಗುಬಡಿದವರು ನಾರ್ವಿಚ್‌ನ ಬಿಷಪ್ಪರೇ!

1942ರ ಬಾಂಬ್ ದಾಳಿಯಲ್ಲಿ ನಾಶವಾದ ಆ ಚರ್ಚನ್ನು ಕೋಣೆಯೊಡನೆ ಪುನಃ ಕಟ್ಟಲಾಯಿತು. ಜೂಲಿಯನ್ ಅವರನ್ನು ನೆನೆದು ನಿಜವಾದ ಹೇಜಲ್ ಕಾಯಿಯನ್ನೇ ಅಂಗೈಯಲ್ಲಿಟ್ಟು ಮೌನವಾಗಿ ಪ್ರಾರ್ಥಿಸುವವರು ಇಂದಿಗೂ ಇದ್ದಾರೆ.