ಎಡ್ವರ್ಡ್ ವಾರ್ನರ್

ವಿಮಾನವೆಂದೊಡನೆ ರೈಟ್ ಸಹೋದರರನ್ನು ಸ್ಮರಿಸದವರಿಲ್ಲ. ಆದರೆ ಒಂದು ವಿಮಾನ ಜನರನ್ನು ಹೊರಲು ಯೋಗ್ಯವೇ ಎಂದು ತೀರ್ಮಾನಿಸುವ ಅಳತೆಗೋಲನ್ನು ಕೊಟ್ಟವರಲ್ಲಿ ಮುಖ್ಯರಾದ ಎಡ್ವರ್ಡ್ ಪಿಯರ್ಸನ್ ವಾರ್ನರ್ ಅವರ ಹೆಸರು, ವೈಮಾನಿಕ ವಲಯದಲ್ಲಿ ಪ್ರಖ್ಯಾತವಾದರೂ, ನಾನು ಓದಿದ ಯಾವ ಪಠ್ಯದಲ್ಲಿಯೂ ಬಂದುದಿಲ್ಲ. ಅದಕ್ಕಾಗಿಯೇ ಈ ಕಿರು ಲೇಖನ.

ವಾರ್ನರ್ 1894ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ಹಾರ್ವರ್ಡಿನಲ್ಲಿಯೂ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿಯೂ ವ್ಯಾಸಂಗ ಮಾಡಿ, 1919ರಲ್ಲಿ ಲ್ಯಾಂಗ್ಲಿ ಪ್ರಯೋಗಾಲಯದ ಮುಖ್ಯ ಭೌತವಿಜ್ಞಾನಿಯಾದರು. ಆಗ ಅವರಿಗೆ ಇಪ್ಪತ್ತೈದು ತುಂಬಿರಲಿಲ್ಲ. ಫ್ರೆಡರಿಕ್ ನಾರ್ಟನ್ ಎಂಬ ಸಂಗಡಿಗರೊಡನೆ ಕರ್ಟಿಸ್ ಜೆನ್ನಿ ಮುಂತಾದ ವಿಮಾನಗಳ ಗುಣಗಳನ್ನು ಹಾರಾಟದಲ್ಲಿಯೇ ಅಳೆದು ನೋಡಿದರು.

ಆ ಕಾಲದಲ್ಲಿ ವಿಮಾನ ಒಳ್ಳೆಯದೋ ಕೆಟ್ಟದೋ ಎಂಬುದು ವೈಮಾನಿಕನ ಕೈಗೆ ಮಾತ್ರ ಗೊತ್ತು. ನಮ್ಮ ತಂದೆಯವರು ಅಕ್ಷರ ಬಲ್ಲವರಲ್ಲ. ಜಾತ್ರೆಯಲ್ಲಿ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ, ಹೆಗಲು ಸವರಿ, ಗೇಯುವುದೋ ಇಲ್ಲವೋ ಎಂದು ಹೇಳಿಬಿಡುತ್ತಾರೆ. ಹೇಗೆ ತಿಳಿಯಿತೆಂದು ಕೇಳಿದರೆ ಸುಮ್ಮನೆ ನಗುತ್ತಾರೆ. ವೈಮಾನಿಕರ ಅರಿವೂ ಅಂತಹುದೇ. ಎತ್ತನ್ನು ಕೊಳ್ಳುವವನೇ ಹೂಡುತ್ತಾನೆ, ಆದ್ದರಿಂದ ಅಲ್ಲಿ ತೊಂದರೆಯಿಲ್ಲ. ವಿಮಾನವನ್ನಾದರೋ ಕಟ್ಟುವವನೊಬ್ಬ, ಕೊಳ್ಳುವವನೊಬ್ಬ, ನಡೆಸುವವನೊಬ್ಬ. ಪ್ರಾಣವನ್ನು ಒಪ್ಪಿಸಿ ಕೂರುವವರು ಬೇರೆಯೇ.

1935ರಲ್ಲಿ ಡಗ್ಲಾಸ್ ಕಂಪನಿಯ ನಾಲ್ಕು ಎಂಜಿನುಗಳ ಹೊಸ ವಿಮಾನದ ಯೋಜನೆಗೆ ವಾರ್ನರ್ ಸಲಹೆಗಾರರಾದರು. ವೈಮಾನಿಕರನ್ನೂ ಎಂಜಿನಿಯರುಗಳನ್ನೂ ಸಂಶೋಧಕರನ್ನೂ ವಿಚಾರಿಸಿ, ಕೈಗೆ ಮಾತ್ರ ಗೊತ್ತಿದ್ದುದನ್ನು ಕಾಗದಕ್ಕಿಳಿಸಿದರು. ಗಾಳಿಯ ಹೊಡೆತಕ್ಕೆ ಮೂಗೆತ್ತಿದ ವಿಮಾನ ಹೇಗೆ ತೂಗಿ ಸಮಸ್ಥಿತಿಗೆ ಬರಬೇಕು ಎಂಬಂತಹ ಗುಣಗಳು, ಕಟ್ಟುವ ಮೊದಲೇ ವಿಧಿಸಬಹುದಾದ ನಿಯಮಗಳಾದವು. 1938ರಲ್ಲಿ ಹಾರಿದ ಆ ವಿಮಾನ ವಿಪರೀತ ಜಟಿಲವಾಗಿತ್ತು. ಒಂದನ್ನೇ ಕಟ್ಟಿ, ಮರುವರ್ಷ ಅದನ್ನೂ ಜಪಾನಿಗೆ ಮಾರಿದರು. ನಿಯಮಗಳು ಮಾತ್ರ ಉಳಿದವು. ಲ್ಯಾಂಗ್ಲಿಯಲ್ಲಿ ಅವುಗಳನ್ನು ಪರೀಕ್ಷಿಸಿ ತಿದ್ದಿದರು. 1943ರಲ್ಲಿ ಪ್ರಕಟವಾದ ರಾಬರ್ಟ್ ಗಿಲ್ರೂತ್ ಅವರ ಪ್ರಸಿದ್ಧ ವರದಿ ಈ ಕೆಲಸದ ಫಲ.

ಪ್ರಾಧ್ಯಾಪಕರು, ನೌಕಾದಳದ ವಿಮಾನ ವಿಭಾಗದ ಸಹಾಯಕ ಕಾರ್ಯದರ್ಶಿ, ಪತ್ರಿಕಾ ಸಂಪಾದಕರು — ಅವರು ವಹಿಸಿದ ಹುದ್ದೆಗಳು ಹಲವು. 1944ರಲ್ಲಿ ಷಿಕಾಗೋದಲ್ಲಿ ನೆರೆದ ರಾಷ್ಟ್ರಗಳು ನಾಗರಿಕ ವಿಮಾನಯಾನದ ಒಪ್ಪಂದ ಮಾಡಿಕೊಂಡವು. ಭಾರತವೂ ಸಹಿ ಹಾಕಿತು. ಅದರಂತೆ ಮಾಂಟ್ರಿಯಲ್ಲಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆಯ ಮಂಡಳಿಗೆ 1947ರಿಂದ 1957ರವರೆಗೆ ವಾರ್ನರರೇ ಅಧ್ಯಕ್ಷರು. ವಿಮಾನಗಳ ಹಾರಾಟ ಯೋಗ್ಯತೆಯನ್ನು ಕುರಿತ ಎಂಟನೆಯ ಅನುಬಂಧವನ್ನು ಮಂಡಳಿ 1949ರಲ್ಲಿ ಅಂಗೀಕರಿಸಿತು. ಕನಿಷ್ಠ ಮಟ್ಟಕ್ಕೆ ಕಡಮೆಯಿಲ್ಲದಂತೆ ಒಂದು ದೇಶ ಕೊಟ್ಟ ಯೋಗ್ಯತಾಪತ್ರವನ್ನು ಉಳಿದ ಸದಸ್ಯ ದೇಶಗಳು ಮಾನ್ಯ ಮಾಡಬೇಕು. ಪಾಲಿಸಲಾಗದ ದೇಶ ತನ್ನ ವ್ಯತ್ಯಾಸವನ್ನು ತಿಳಿಸಿದರಾಯಿತು. ಇದು ಸಡಿಲವಾದ ಕಟ್ಟು ಎಂದು ಕೆಲವರಿಗೆ ಅನ್ನಿಸಬಹುದು. ಬಡ ದೇಶಗಳೂ ಒಳಗೆ ಬರಬೇಕಾದರೆ ಬಾಗಿಲು ಅಷ್ಟು ಅಗಲವಿರಲೇಬೇಕಾಗಿತ್ತೆಂದು ನನ್ನ ಅಭಿಪ್ರಾಯ.

ನಿವೃತ್ತರಾದ ಮರುವರ್ಷವೇ, 1958ರ ಜುಲೈಯಲ್ಲಿ, ವಾರ್ನರ್ ತೀರಿಕೊಂಡರು. ಆ ಸಂಸ್ಥೆಯ ಒಂದು ಪ್ರಶಸ್ತಿ ಇಂದಿಗೂ ಅವರ ಹೆಸರಿನಲ್ಲಿದೆ.