ಡಾ. ಅಂಬೇಡ್ಕರ್ ಮತ್ತು ದುಡಿಯುವವರ ಉನ್ನತ ಶಿಕ್ಷಣ

ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. 1991ರಲ್ಲಿ ಅದಕ್ಕೆ ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರನ್ನು ಇಡಲಾಯಿತು. 1994ರಲ್ಲಿ ಗುಜರಾತಿನ ಮುಕ್ತ ವಿಶ್ವವಿದ್ಯಾಲಯವೂ ಅವರ ಹೆಸರಿನಲ್ಲಿಯೇ ಸ್ಥಾಪನೆಗೊಂಡಿತು. ಆದರೆ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಮೂಲಕ ಶಿಕ್ಷಣವನ್ನು ಆರಂಭಿಸುವ ಮೊದಲೇ, 1956ರ ಡಿಸೆಂಬರ್ 6ರಂದು, ಅಂಬೇಡ್ಕರ್ ತೀರಿಕೊಂಡಿದ್ದರು. ಹಾಗಾದರೆ ಈ ನಾಮಕರಣ ಕೇವಲ ಗೌರವಸೂಚಕವೇ? ಅವರ ಬದುಕನ್ನು ಶಿಕ್ಷಣದ ನೆಲೆಯಿಂದ ಪರಿಶೀಲಿಸಿದಾಗ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

1891ರ ಏಪ್ರಿಲ್ 14ರಂದು ಮಹೂವಿನಲ್ಲಿ ಜನಿಸಿದ ಭೀಮರಾವ್, ಸಾತಾರೆಯ ಶಾಲೆಯಲ್ಲಿ ಇತರ ಮಕ್ಕಳಿಂದ ಬೇರೆಯಾಗಿ ಕುಳಿತು ಕಲಿತವರು. ವಿದ್ಯೆಯ ದೂರವೆಂದರೆ ಹರದಾರಿಗಳ ದೂರವಷ್ಟೇ ಅಲ್ಲವೆಂಬುದು ಅವರಿಗೆ ಅಲ್ಲಿಯೇ ಅನುಭವವೇದ್ಯವಾಯಿತು. ಮುಂಬಯಿಯ ಎಲ್ಫಿನ್‌ಸ್ಟನ್ ಪ್ರೌಢಶಾಲೆಯಲ್ಲಿ ಸಂಸ್ಕೃತದ ಬದಲು ಪಾರಸಿಯನ್ನು ಓದಬೇಕಾಯಿತು. 1907ರಲ್ಲಿ ಮೆಟ್ರಿಕ್, 1912ರಲ್ಲಿ ಬಿ.ಎ. ಪರೀಕ್ಷೆಗಳು ಮುಗಿದವು. ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವನ್ನೂ 1916ರಲ್ಲಿ ಲಂಡನ್ನನ್ನೂ ಸೇರಿದರು. ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಅಭ್ಯಾಸವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಹಣ ಕೂಡಿಸಿ, ಕೊಲ್ಲಾಪುರದ ಶಾಹೂ ಮಹಾರಾಜರ ಹಾಗೂ ಮಿತ್ರರೊಬ್ಬರ ನೆರವು ಪಡೆದು 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿದರು, 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಕೊಲಂಬಿಯಾದ ಪಿಎಚ್.ಡಿ. ವಿಧ್ಯುಕ್ತವಾಗಿ ದೊರೆತದ್ದು 1927ರಲ್ಲಿ, ಅವರು ಮುಂಬಯಿಯಲ್ಲಿದ್ದಾಗ. ಹೀಗೆ ದುಡಿಮೆಯ ನಡುವೆ ಓದನ್ನು ಉಳಿಸಿಕೊಳ್ಳುವ ಕಷ್ಟ ಅವರ ಸ್ವಂತ ಅನುಭವವಾಗಿತ್ತು.

ಈ ಅನುಭವ ಮುಂದೆ ಕಾರ್ಯರೂಪ ತಳೆಯಿತು. 1928ರಲ್ಲಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆಯ ಮೂಲಕ ಅವರು ತೆರೆದ ವಿದ್ಯಾರ್ಥಿನಿಲಯಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ಇದಕ್ಕೂ ಮೊದಲೇ ಅವರು ವಿಶ್ವವಿದ್ಯಾಲಯದ ಸ್ವರೂಪವನ್ನು ಕುರಿತು ಚಿಂತಿಸಿದ್ದರು. 1857ರಲ್ಲಿ ಲಂಡನ್ ಮಾದರಿಯಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಯಾಗಿತ್ತು. 1924ರಲ್ಲಿ ಸುಧಾರಣಾ ಸಮಿತಿಗೆ ನೀಡಿದ ಅಭಿಪ್ರಾಯದಲ್ಲಿ ಬೋಧನೆ ಮತ್ತು ಸಂಶೋಧನೆಗಳೇ ಅದರ ಜೀವಾಳವಾಗಬೇಕೆಂದು ಅವರು ಪ್ರತಿಪಾದಿಸಿದರು. 1927ರಲ್ಲಿ ಶಾಸನಸಭೆಯಲ್ಲಿ, ಸೆನೆಟ್ಟಿನಲ್ಲಿ ಹಿಂದುಳಿದ ವರ್ಗಗಳಿಗೆ ಪ್ರಾತಿನಿಧ್ಯವಿರಬೇಕೆಂದು ವಾದಿಸಿದರು.

1945ರ ಜುಲೈ 8ರಂದು ಅವರು ಪೀಪಲ್ಸ್ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿದರು. 1946ರಲ್ಲಿ ಸಿದ್ಧಾರ್ಥ ಕಾಲೇಜು ಸೇನೆಯ ಬ್ಯಾರಕುಗಳಲ್ಲಿ ಆರಂಭವಾಗಿ, ಅನಂತರ ಫೋರ್ಟಿನ ಆನಂದ ಭವನ ಮತ್ತು ಬುದ್ಧ ಭವನಗಳಲ್ಲಿ ನೆಲೆಸಿತು. ಫೋರ್ಟು ಕಚೇರಿಗಳ ಪ್ರದೇಶ. ಹಗಲು ದುಡಿಯುವವನಿಗೆ ಹಗಲಿನ ಕಾಲೇಜು ಎಷ್ಟು ಸಮೀಪವಿದ್ದರೂ ದೂರವೇ. ಕಚೇರಿಯ ವೇಳೆಗೆ ಮುನ್ನ ಬೆಳಗಿನ ತರಗತಿಗಳನ್ನು ನಡೆಸಿದ ಸಿದ್ಧಾರ್ಥ ಕಾಲೇಜು ಈ ದೂರವನ್ನು ಕಡಿಮೆಗೊಳಿಸಿತು. ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಕರಾವಳಿಯ ಯುವಕರನ್ನು ಬಲ್ಲ ಮುಂಬಯಿ ಕನ್ನಡಿಗರಿಗೆ ಈ ಏರ್ಪಾಡಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಗಮನಿಸಬೇಕಾದುದೆಂದರೆ, ಅಂಬೇಡ್ಕರ್ ಬದಲಾಯಿಸಿದ್ದು ಪಾಠದ ವೇಳೆಯನ್ನು, ಪಾಠವನ್ನು ಹಗುರಗೊಳಿಸಲಿಲ್ಲ.

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ, ಮುಂಬಯಿ ವಿಶ್ವವಿದ್ಯಾಲಯ 1971ರಲ್ಲಿ ಅಂಚೆ ಶಿಕ್ಷಣವನ್ನು ಕೈಗೊಂಡವು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಕಾಲೇಜಿನ ವೇಳೆಯ ಜೊತೆಗೆ ಅದರ ಸ್ಥಳದ ನಿರ್ಬಂಧವೂ ಸಡಿಲವಾಯಿತು. ಆದರೆ ಮುದ್ರಿತ ಪಾಠವನ್ನು ಕಳುಹಿಸಿ ಪರೀಕ್ಷೆ ನಡೆಸುವುದರಲ್ಲಿಯೇ ದೂರಶಿಕ್ಷಣ ತೃಪ್ತವಾದರೆ, 1924ರಲ್ಲಿ ಅಂಬೇಡ್ಕರ್ ಒಪ್ಪದಿದ್ದ ವಿಶ್ವವಿದ್ಯಾಲಯವೇ ಅವರ ಹೆಸರಿನಲ್ಲಿ ಮರಳಿ ಬಂದಂತಾಗುತ್ತದೆ. ಸಂಪರ್ಕ ತರಗತಿ, ತಿದ್ದಿ ಹಿಂದಿರುಗಿಸಿದ ಉತ್ತರ, ಕೈಗೆಟಕುವ ಗ್ರಂಥಾಲಯ ಇವು ದೂರದ ವಿದ್ಯಾರ್ಥಿಗೆ ತೋರುವ ದಯೆಯಲ್ಲ, ಅವನ ಹಕ್ಕು. ಆ ಹೆಸರಿಗೆ ಸಲ್ಲಬೇಕಾದ ನಿಜವಾದ ಗೌರವವೂ ಇದೇ.